ಕಪ್ಪು ಕಂಡರೆ ನೀರು

ನನ್ನ ಮಗನ ಕಾಯಿಲೆ ಎಲ್ಲರಿಗಿಂತ ಮೊದಲು ಗೊತ್ತಾಗಿದ್ದು ಅವನ ಸೊಂಟದ ಉಡುದಾರಕ್ಕೆ. ಪಾಪ, ಅದು ಹೇಳುತ್ತಲೇ ಇತ್ತು. ನಾವು ಅದನ್ನು ಬೇರೆ ಥರ ಕೇಳಿಸಿಕೊಂಡೆವು.

ನಮ್ಮ ಕಡೆ ಗಂಡುಮಗುವಿಗೆ ಹೆಸರಿಡುವ ದಿನ ಸೊಂಟಕ್ಕೆ ಕರೀದಾರ ಕಟ್ಟುತ್ತಾರೆ. ಆಮೇಲೆ ಆ ಸೊಂಟ ಬರಿದಾಗಿ ಇರಕೂಡದು. ಹಳೇದು ತೆಗೆಯುವ ಮುಂಚೆ ಹೊಸದು ಕಟ್ಟಿರಬೇಕು. ಅದನ್ನು ಹರಿಯುವುದು ಜೀವ ಹೋದ ಮೇಲೆ ಮಾತ್ರ. ನಮ್ಮ ಮನೆಯಲ್ಲಿ ಈ ದಾರದ ಉಸ್ತುವಾರಿ ಪೂರ್ತಿ ನಮ್ಮತ್ತೆಯದು. ನಗರದ ಅಂಚಿನ ನಮ್ಮೂರು ಉಲ್ಲಾಳದ ಹೊಲ, ಹಸು ಎಲ್ಲವನ್ನೂ ನನ್ನ ಮೈದುನನಿಗೆ ಬಿಟ್ಟು, ಮಂಜು ಹುಟ್ಟಿದ ಮೇಲೆ ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಗೇ ಬಂದುಬಿಟ್ಟಿದ್ದರು. ಶನಿವಾರ ಶನಿವಾರ ಮೊಮ್ಮಗನಿಗೆ ಎಣ್ಣೆ ನೀರು ಹಾಕುವಾಗ ಉಡುದಾರದೊಳಗೆ ಎರಡು ಬೆರಳು ತೂರಿಸಿ ನೋಡೋರು. ಬೆರಳು ಸಲೀಸಾಗಿ ಹೋದರೆ, "ಬಿಗಿ ಇಲ್ಲ, ಸರಿಯಾಗೈತೆ" ಅನ್ನೋರು. ಹೋಗದಿದ್ದರೆ ಗಂಟು ಬಿಚ್ಚಿ, ಸುತ್ತಿಟ್ಟ ದಾರದಲ್ಲಿ ಒಂದಿಷ್ಟು ಬಿಟ್ಟು, ಮತ್ತೆ ಕಟ್ಟೋರು.

ಮಂಜು ಊಟದ ವಿಷಯದಲ್ಲಿ ಮಹಾ ಮೊಂಡ. ಒಂದು ತುತ್ತು ಬಾಯಿಗಿಟ್ಟರೆ ಅದನ್ನು ಕೆನ್ನೆಯಲ್ಲಿ ಇಟ್ಟುಕೊಂಡೇ ಇಡೀ ವಠಾರ ಸುತ್ತಿ ಬರುತ್ತಿದ್ದ. ಕೈಕಾಲು ಕಡ್ಡಿ ಕಡ್ಡಿ. ಮೇಲ್ಗಡೆ ಮನೆ ಸರೋಜಮ್ಮ ದಿನಾ ಮೆಟ್ಟಿಲಿಳಿಯುವಾಗ, "ಏನ್ರೀ ಜಯಮ್ಮ, ಮಗೂಗೆ ಊಟ ಹಾಕ್ತೀರೋ ಇಲ್ವೋ?" ಅನ್ನೋಳು. ನನಗೆ ಮೈಯೆಲ್ಲ ಉರಿಯೋದು. ನಮ್ಮ ಯಜಮಾನರು ರಾಜಾಜಿನಗರದ ಕಡೆ ಒಂದು ಫ್ಯಾಕ್ಟರಿಯಲ್ಲಿದ್ದರು, ಹೊಟ್ಟೆಬಟ್ಟೆಗೆ ನಮಗೇನೂ ಕೊರತೆ ಇರಲಿಲ್ಲ.

ಇದು ಎಂಬತ್ತರ ದಶಕದ ನಡುವಿನ ಮಾತು. ಮಂಜುಗೆ ಐದು ತುಂಬುತ್ತಿತ್ತು. ಯುಗಾದಿ ಆದಮೇಲೆ ಒಂದು ಶನಿವಾರ ಅತ್ತೆಯ ಬೆರಳು ಉಡುದಾರದೊಳಗೆ ಹೋಗಲಿಲ್ಲ. ಅವರ ಮುಖ ನೋಡಬೇಕಿತ್ತು ನೀವು! "ಜಯಾ, ಮೈ ಹಿಡೀತಾ ಐತೆ ಕಣೇ ನನ್ನ ಕೂಸು" ಅಂತ ಕೂಗಿದರು. ದಾರ ಸಡಿಲಿಸಿದರು, ಅವತ್ತು ಶಾವಿಗೆ ಪಾಯಸ ಮಾಡಿಸಿದರು. ಇನ್ನೊಂದಷ್ಟು ದಿನಕ್ಕೆ ಮತ್ತೆ ಬಿಗಿಯಾಯಿತು, ಮತ್ತೆ ಸಡಿಲಿಸಿದರು. ಸರೋಜಮ್ಮನ ಕಣ್ಣು ಬೀಳದ ಹಾಗೆ ಅಂಗಿ ಕೆಳಗೆ ಎಳೆದು ಆಡೋಕೆ ಕಳಿಸುತ್ತಿದ್ದರು. ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯೋರು. ನಾನೂ ಸಂತೋಷಪಟ್ಟೆ. ಕೈಕಾಲು ಮಾತ್ರ ಹಾಗೇ ಕಡ್ಡಿಯಾಗೇ ಇದ್ದವು.

ಆಮೇಲೆ ಒಂದು ಶನಿವಾರ ಎಣ್ಣೆ ತಿಕ್ಕುತ್ತಿದ್ದ ಅತ್ತೆಯ ಕೈ ನಿಂತುಬಿಟ್ಟಿತು. "ಜಯಾ, ಬಾ ಇಲ್ಲಿ. ಎಡಗಡೆ ಏನೋ ಗಟ್ಟಿಗೈತೆ."

ನಾನೂ ಮುಟ್ಟಿ ನೋಡಿದೆ. ಪಕ್ಕೆಯ ಕೆಳಗೆ ತೆಂಗಿನ ಚಿಪ್ಪು ಬೋರಲು ಹಾಕಿದ ಹಾಗೆ ಏನೋ ಇತ್ತು. ಒತ್ತಿದರೆ ಮಗು ಅಳಲೂ ಇಲ್ಲ, ಕಚಗುಳಿ ಅಂತ ನಕ್ಕ. ಸರಿ, ಸುದ್ದಿ ವಠಾರವೆಲ್ಲ ಆಯಿತು. ಒಬ್ಬೊಬ್ಬರೇ ಬಂದು ಒತ್ತಿ ನೋಡಿದರು. ಒಬ್ಬರು ಜಂತುಹುಳ ಅಂದರು, ಒಬ್ಬರು ಮಲ ಕಟ್ಟಿದೆ, ಹರಳೆಣ್ಣೆ ಕುಡಿಸಿ ಅಂದರು. ಕುಡಿಸಿದೆವು. ಮಗು ದಿನವೆಲ್ಲ ಬಚ್ಚಲಿಗೆ ಓಡಾಡಿ ಸುಸ್ತಾಯಿತು, ಗಟ್ಟಿ ಮಾತ್ರ ಕರಗಲಿಲ್ಲ.

ನಮ್ಮ ರಸ್ತೆಯ ಕೊನೆಯಲ್ಲಿ ಕ್ಲಿನಿಕ್ ಇಟ್ಟಿದ್ದ ಡಾಕ್ಟರಿಗೆ ತೋರಿಸಿದೆ. ವಯಸ್ಸಾದವರು, ಯಾವಾಗಲೂ ಮಕ್ಕಳ ಜೊತೆ ತಮಾಷೆ ಮಾಡೋರು. ಅವರು ಹೊಟ್ಟೆ ಮೇಲೆ ಒಂದೇ ಸಲ ಮೆಲ್ಲಗೆ ಕೈಯಿಟ್ಟು ತೆಗೆದುಬಿಟ್ಟರು. ತಮಾಷೆ ಮಾಡಲಿಲ್ಲ.

"ಮನೇಲಿ ಯಾರ್ಯಾರು ಇದನ್ನ ಒತ್ತಿದ್ದೀರಿ?"

"ಎಲ್ಲಾರೂ ಸಾರ್."

"ಇನ್ಮೇಲೆ ಯಾರೂ ಒತ್ತಬಾರದು. ಎಣ್ಣೆ ತಿಕ್ಕೋದೂ ಬೇಡ. ಇದು ಕಿಡ್ನಿ ಅನ್ಸುತ್ತಮ್ಮ. ಸ್ಕ್ಯಾನಿಂಗ್ ಮಾಡಿಸಬೇಕು." ಆಗ ಸ್ಕ್ಯಾನಿಂಗ್ ಅನ್ನೋ ಮಾತೇ ಹೊಸದು. ಸೂಜಿ ಇಲ್ಲ, ನೋವಿಲ್ಲ, ಹೊಟ್ಟೆ ಮೇಲೆ ಒಂದು ಯಂತ್ರ ಓಡಿಸಿದರೆ ಒಳಗಿರೋದು ಟೀವಿ ಥರ ಪರದೆ ಮೇಲೆ ಕಾಣುತ್ತೆ ಅಂತ ವಿವರಿಸಿದರು. "ಎರಡರಲ್ಲಿ ಒಂದು ಇರುತ್ತೆ. ಉಚ್ಚೆ ಇಳಿಯೋ ದಾರಿ ಕಟ್ಕೊಂಡು ಕಿಡ್ನೀಲಿ ನೀರು ತುಂಬಿದ್ರೆ ಪರದೆ ಮೇಲೆ ಕಪ್ಪಗೆ ಕಾಣುತ್ತೆ. ಕಪ್ಪು ಕಂಡರೆ ನೀರು. ಆಪರೇಷನ್ ಮಾಡಿ ದಾರಿ ಬಿಡಿಸಿದ್ರೆ ಹುಡುಗ ಓಡಾಡ್ಕೊಂಡಿರ್ತಾನೆ. ಬೂದು ಬಣ್ಣ ಕಂಡ್ರೆ ಗಡ್ಡೆ."

"ಗಡ್ಡೆ ಆದ್ರೆ ಸಾರ್?"

"ಮೊದ್ಲು ನೋಡೋಣಮ್ಮ" ಅಂದರು, ಮುಖ ನೋಡದೆ.

ಅವತ್ತಿಂದ ಸ್ಕ್ಯಾನಿಂಗ್ ದಿನದವರೆಗೂ ನಮ್ಮ ಮನೆಯಲ್ಲಿ ಒಂದೇ ಪ್ರಾರ್ಥನೆ. ನೀರಾಗಿರಲಿ. ಕಪ್ಪು ಬರಲಿ. ಮಗುವಿಗೆ ಕಪ್ಪು ಬಟ್ಟೆ ಹಾಕಬೇಡ ಅಂತ ಗದರುತ್ತಿದ್ದ ಅತ್ತೆ ದೇವರ ಮುಂದೆ ಕೂತು, "ಕಪ್ಪಗೆ ಕಾಣಿಸಪ್ಪಾ ತಂದೆ" ಅಂತ ಬೇಡಿಕೊಳ್ಳೋರು. ನಾನು ಕಾವಲುಗಾರಳಾದೆ. ಸರೋಜಮ್ಮ ಬಂದು, "ಎಲ್ಲಿ, ನೋಡೋಣ ಬಾರೋ" ಅಂತ ಮತ್ತೆ ಹೊಟ್ಟೆಗೆ ಕೈ ಹಾಕಿದಾಗ ಆ ಕೈ ಮೇಲೆ ಫಟ್ಟಂತ ಹೊಡೆದೆ. ಅವಳು ಅಳುತ್ತಾ ಮೆಟ್ಟಿಲು ಹತ್ತಿಹೋದಳು. ಹೋಗಲಿ ಅಂದುಕೊಂಡೆ. ಮುಂದೆ ಆಸ್ಪತ್ರೆ ವಾಸದ ದಿನಗಳಲ್ಲಿ ಎರಡು ಬಸ್ಸು ಬದಲಾಯಿಸಿ ನಮಗೆ ಮುದ್ದೆ ಸಾರು ತಂದುಕೊಟ್ಟವಳೂ ಅವಳೇ.

ಸ್ಕ್ಯಾನಿಂಗಿಗೆ ಯಜಮಾನರು ರಜ ಹಾಕಿದರು. ಅತ್ತೆಯನ್ನು ಮನೆಯಲ್ಲಿ ಬಿಟ್ಟು ಹೋಗೋದು ಸಾಧ್ಯವೇ ಇರಲಿಲ್ಲ. ಮೆಜೆಸ್ಟಿಕ್ಕಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಒಳಗೆ ಹೋಗಿ ನೋಡಿದರೆ ಬೆಂಚು ತುಂಬಾ ಬಸುರಿಯರು, ಕೈತುಂಬಾ ಹಸಿರು ಬಳೆ. ಅವರ ನಡುವೆ ನಮ್ಮ ಮಂಜು, ಚಡ್ಡಿ ಮೇಲೆ ಹೊಟ್ಟೆ ಬಿಟ್ಟುಕೊಂಡು.

ಚೆನ್ನಾಗಿ ನೀರು ಕುಡಿಸಿ, ಉಚ್ಚೆಗೆ ಕಳಿಸಬೇಡಿ, ಹೊಟ್ಟೆ ತುಂಬಿದ್ರೇನೇ ಒಳಗೆಲ್ಲ ಚೆನ್ನಾಗಿ ಕಾಣೋದು ಅಂದಳು ಅಲ್ಲಿಯ ಆಯಾ. ಅಲ್ಲಿದ್ದವರೆಲ್ಲರದೂ ಅದೇ ಕಥೆ. ಲೋಟಗಟ್ಟಲೆ ಕುಡಿದು ಕಾಲು ಮೇಲೆ ಕಾಲು ಹಾಕಿ ಕೂತಿದ್ದರು. ಮಂಜು ಪಕ್ಕದಲ್ಲಿ ಹೊಸದಾಗಿ ಮದುವೆಯಾದಂತಿದ್ದ ಒಂದು ಹುಡುಗಿ. ಅವಳು ಅವನ ಕಡೆ ಬಗ್ಗಿ, "ನನ್ ಹೊಟ್ಟೇಲಿ ಪಾಪು ಇದೆ. ನಿನ್ ಹೊಟ್ಟೇಲಿ ಏನಿದೆಯೋ?" ಅಂದಳು.

"ಚಿತ್ರಾನ್ನ" ಅಂದ.

ಬೆಂಚಿಗೆ ಬೆಂಚೇ ನಕ್ಕಿತು. ನಗೋದೂ ಕಷ್ಟ ಪಾಪ, ಎಲ್ಲರಿಗೂ ಅವಸರ. "ಸರಿ, ಯಾರು ಜಾಸ್ತಿ ಹೊತ್ತು ಹಿಡ್ಕೋತಾರೆ ನೋಡೋಣ್ವಾ? ನೀನೋ ನಾನೋ?" ಅಂತ ಅವಳು ಪಂದ್ಯ ಕಟ್ಟಿದಳು. ಮಂಜು ತುಟಿ ಕಚ್ಚಿ ಕೂತ. ಆ ಹುಡುಗಿ ಯಾರೋ, ಎಲ್ಲಿದ್ದಾಳೋ, ಅವಳ ಹೊಟ್ಟೆ ತಣ್ಣಗಿರಲಿ. ನನ್ನ ಮಗನನ್ನು ರೋಗಿಯ ಥರ ನೋಡದವಳು ಅವತ್ತು ಅವಳೊಬ್ಬಳೇ.

ಮಂಜು ಹೆಸರು ಕೂಗಿದರು. ಜೊತೆಗೆ ಒಬ್ಬರೇ ಬರಬೇಕು ಅಂದರು. ಯಜಮಾನರು ಗೋಡೆಗೆ ಒರಗಿ, "ನೀನೇ ಹೋಗು ಜಯಾ, ನನ್ ಕೈಲಾಗಲ್ಲ" ಅಂದರು. ಅತ್ತೆ ನನ್ನ ಸೆರಗು ಹಿಡಿದು ಎಚ್ಚರಿಸಿದರು, "ಉಡುದಾರಕ್ಕೆ ಕತ್ರಿ ಹಾಕಿಸಬೇಡ."

ಒಳಗೆ ಡಾಕ್ಟರು ಹೆಂಗಸು, ನನ್ನ ವಯಸ್ಸಿನವರೇ. ದಾರವನ್ನು ಸ್ವಲ್ಪ ಕೆಳಗೆ ಸರಿಸಿ ಸಾಕು ಅಂದರು. ಅಷ್ಟು ಸಲ ಸಡಿಲಿಸಿದ್ದ ದಾರ ಮತ್ತೆ ಚರ್ಮಕ್ಕೆ ಕಚ್ಚಿಕೊಂಡಿತ್ತು, ಜರುಗಲಿಲ್ಲ. ಆಯಾ ಕತ್ತರಿ ತಂದಳು. ನಾನು ಬೇಡ ಅಂತ ಉಗುರಿಂದ ಗಂಟು ಬಿಚ್ಚಿ, ಬಿಚ್ಚಿದ ದಾರ ಕೆಳಗೆ ಬೀಳದ ಹಾಗೆ ಅವನ ಬೆನ್ನಡಿಯೇ ಬಿಟ್ಟೆ. ಡಾಕ್ಟರು ಕಾದರು, ಗದರಲಿಲ್ಲ. ಹೊಟ್ಟೆಗೆ ಲೋಳೆಯಂಥದ್ದೇನೋ ಹಚ್ಚಿದರು. "ಅಮ್ಮಾ, ಐಸು!" ಅಂತ ಮಂಜು ಕಿಸಕ್ಕನೆ ನಕ್ಕ.

ನನ್ನ ಕಣ್ಣು ಪರದೆ ಬಿಟ್ಟು ಕದಲಲಿಲ್ಲ. ಮೊದಲು ಹೊಗೆ ಮುಸುಕಿದ ಹಾಗೆ ಏನೇನೋ ಗೀರು. ಆಮೇಲೆ ಬಂತು. ದುಂಡಗೆ, ದೊಡ್ಡದಾಗಿ, ಕಾಡಿಗೆ ಕಪ್ಪು. ಅಷ್ಟು ಚೆಂದದ ಕಪ್ಪು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ನಾನು ಯಾರನ್ನೂ ಕೇಳಲಿಲ್ಲ. ಬಾಗಿಲು ತೆಗೆದು ಹೊರಗೆ ತಲೆ ಹಾಕಿ, "ರೀ, ನೀರು! ಕಪ್ಪಗಿದೆ ಕಣ್ರೀ! ಅತ್ತೇ, ನೀರು!" ಅಂತ ಕೂಗಿಬಿಟ್ಟೆ. ಅತ್ತೆ ಎರಡೂ ಕೈ ಎತ್ತಿ ಮುಗಿದದ್ದು ಕಂಡಿತು. ಯಜಮಾನರು ಕುಸಿದು ಬೆಂಚಿನ ಮೇಲೆ ಕೂತು ನಗುತ್ತಿದ್ದರು.

"ಅಮ್ಮಾ, ಬನ್ನಿ ಇಲ್ಲಿ" ಅಂದರು ಡಾಕ್ಟರು. ಬಾಗಿಲು ಮುಚ್ಚಿ ಹೋದೆ. "ಅದು ಉಚ್ಚೆ ಚೀಲ. ಅವನು ಕುಡಿದಿರೋ ನೀರೇ ಅದು. ನಾನಿನ್ನೂ ಕಿಡ್ನಿ ನೋಡಿಲ್ಲ."

ಅವರು ಆ ಯಂತ್ರವನ್ನು ಮೆಲ್ಲಗೆ ಮೇಲಕ್ಕೆ, ಎಡಗಡೆಗೆ ಸರಿಸಿದರು. ಕಪ್ಪು ಪರದೆಯಿಂದ ಜಾರಿಹೋಯಿತು. ಅದರ ಜಾಗಕ್ಕೆ ಒಲೆಬೂದಿಯ ಬಣ್ಣದ್ದೊಂದು ಬಂದು ಪರದೆ ತುಂಬಾ ಕೂತಿತು. ಅವರು ಹಾಗೆ ತಿರುಗಿಸಿದರು, ಹೀಗೆ ತಿರುಗಿಸಿದರು, ನಾನೂ ಜೊತೆಗೆ ಹುಡುಕಿದೆ. ಎಲ್ಲಾದರೂ ಒಂದು ಚೂರು ಕಪ್ಪು ಸಿಗುತ್ತೇನೋ ಅಂತ. ಬಲಗಡೆ ಕಿಡ್ನಿ ಚೆನ್ನಾಗಿದೆ ಅಂದರು. ಎಡಗಡೆಯದಕ್ಕೆ ಬಂದಾಗ ನನ್ನ ಭುಜದ ಮೇಲೆ ಕೈಯಿಟ್ಟರು. ನನಗೆ ಗೊತ್ತಾಯಿತು.

"ಅಮ್ಮಾ, ಈಗ ಉಚ್ಚೆಗೆ ಹೋಗ್ಲಾ?" ಅಂದ ಮಂಜು.

ಬಚ್ಚಲಿಗೆ ಹೋಗಿ ಬಂದವನೇ ಆ ಹುಡುಗಿಯ ಹತ್ತಿರ ಓಡಿದ. ಅವಳು ತಾಳಲಾರದೆ ಆಗಲೇ ಎದ್ದು ಹೋಗಿ ಬಂದಿದ್ದಳಂತೆ. "ನಾನು ಗೆದ್ದೆ! ನಾನು ಗೆದ್ದೆ!" ಅಂತ ಕುಣಿದ. ಅತ್ತೆ ಚೀಲದಲ್ಲಿದ್ದ ಕಲ್ಲುಸಕ್ಕರೆ ತೆಗೆದು ಬೆಂಚಿನಲ್ಲಿದ್ದ ಬಸುರಿಯರಿಗೆಲ್ಲ ಹಂಚುತ್ತಿದ್ದರು. "ನನ್ನ ಮೊಮ್ಮಗಂಗೆ ಬರೀ ನೀರಂತೆ ಕಣ್ರವ್ವ, ಬಾಯಿ ಸಿಹಿ ಮಾಡ್ಕಳಿ." ಯಜಮಾನರ ಬಾಯಲ್ಲೂ ಒಂದು ಕಲ್ಲುಸಕ್ಕರೆ ಇತ್ತು.

ನೀವೇ ಹೇಳಿ, ಹೋಗಿ ಏನಂತ ಹೇಳಲಿ? ಗಡ್ಡೆಯ ದುಃಖ ಆಮೇಲೆ ದಿನಾ ಇದ್ದೇ ಇತ್ತು. ಆದರೆ ಆ ಬಾಗಿಲಿಂದ ಆ ಬೆಂಚಿಗೆ ನಡೆದು, ಆ ಎರಡು ನಗುವ ಮುಖಗಳನ್ನು ನನ್ನ ಕೈಯಾರೆ ಆರಿಸಿದೆನಲ್ಲ, ಅದು ಇವತ್ತಿಗೂ ನನ್ನ ಎದೆಯಲ್ಲಿ ಕೂತಿದೆ. ಅತ್ತೆ ಕೇಳಿದ್ದು ಒಂದೇ ಮಾತು, "ನೀನೇ ನೋಡಿದ್ಯಲ್ಲ ಜಯಾ, ಕಪ್ಪಗೆ?" ನೋಡಿದ್ದೆ. ಅದೇ ತಾನೆ.

ಆಪರೇಷನ್ ಮಾಡಿ ಆ ಕಿಡ್ನಿ ತೆಗೆದರು. ದೊಡ್ಡಾಸ್ಪತ್ರೆಯಲ್ಲಿ ಸಿಕ್ಕ ಡಾಕ್ಟರು, ನರ್ಸು, ಊರಿಂದ ನೋಡಲು ಬಂದ ನೆಂಟರು ಎಲ್ಲರದೂ ಒಂದೇ ಪ್ರಶ್ನೆ, "ಮೊದ್ಲೇ ಯಾಕೆ ತರಲಿಲ್ಲ?" ಇದನ್ನು ಓದುತ್ತಿರುವ ತಾಯಂದಿರಿಗೆ ಒಂದು ಮಾತು ಹೇಳುತ್ತೀನಿ. ಆ ಪ್ರಶ್ನೆಗೆ ಉತ್ತರ ಕೊಡೋಕೆ ಹೋಗಬೇಡಿ. ಮಗುವಿನ ಸೊಂಟ ತುಂಬಿದರೆ ಪಾಯಸ ಮಾಡೋರೇ ಎಲ್ಲರೂ. ನಾನು ಮೊದಮೊದಲು ಉತ್ತರ ಕೊಟ್ಟೆ, ಆಮೇಲೆ ಜಗಳಾಡಿದೆ, ಕೊನೆಗೆ ಫ್ಲಾಸ್ಕ್ ಎತ್ತಿಕೊಂಡು ಕಾಫಿ ತರೋಕೆ ಎದ್ದು ಹೋಗುತ್ತಿದ್ದೆ.

ಆಪರೇಷನ್ ದಿನ ಉಡುದಾರ ತೆಗೆಯಲೇಬೇಕಾಯಿತು. ಅತ್ತೆ ತಾವೇ ಗಂಟು ಬಿಚ್ಚಿ ತಮ್ಮ ಎಡಗೈ ಮಣಿಕಟ್ಟಿಗೆ ಸುತ್ತಿಕೊಂಡರು. "ಇದು ನನ್ನ ಮೈಮೇಲೆ ಇರೋಗಂಟ ಅವನ ಮೈಮೇಲೇ ಇದ್ದಂಗೆ" ಅಂದರು. ಮಗು ಹೊರಗೆ ಬರುವವರೆಗೂ ಆ ಕೈ ಕೆಳಗಿಳಿಸಲಿಲ್ಲ, ನೀರೂ ಮುಟ್ಟಲಿಲ್ಲ. ಹೊಲಿಗೆ ಒಣಗಿದ ಮೇಲೆ ಅದೇ ದಾರ ಅದರ ಕೆಳಗೆ ಕಟ್ಟಿದರು.

ಆಮೇಲೆ ಇಂಜೆಕ್ಷನ್‌ಗಳು ಶುರುವಾದವು. ತಲೆಗೂದಲು ಉದುರಿತು. "ತಿರುಪತಿಗೆ ಹೋಗ್ದೇನೇ ಮುಡಿ ಆಯ್ತು" ಅಂತ ಅವರಪ್ಪ ನಗಿಸೋಕೆ ನೋಡಿದರು. ಮಂಜು ನಕ್ಕ, ಅವರಪ್ಪ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು. ಉಡುದಾರ ಈಗ ಜಾರಿ ಜಾರಿ ಕೆಳಗೆ ಬರುತ್ತಿತ್ತು, ಅತ್ತೆ ಗಂಟು ಹಾಕಿ ಹಾಕಿ ಚಿಕ್ಕದು ಮಾಡುತ್ತಿದ್ದರು. ಬಿಗಿಯಾದಾಗ ಹಿಗ್ಗಿದೆವಲ್ಲ, ಆ ಹಿಗ್ಗು ಒಂದೊಂದು ಗಂಟಿಗೂ ನೆನಪಾಗುತ್ತಿತ್ತು.

ಮಧ್ಯೆ ಒಂದು ಒಳ್ಳೇ ಕಾಲ ಬಂತು. ಅದನ್ನೂ ಹೇಳಬೇಕು. ಇಂಜೆಕ್ಷನ್ ನಿಂತು ಮಂಜು ಸ್ಕೂಲಿಗೆ ಹೋಗೋಕೆ ಶುರುಮಾಡಿದ, ಕೂದಲು ಗುಂಗುರಾಗಿ ಬಂತು. ಒಂದು ಶನಿವಾರ ಅತ್ತೆಯ ಬೆರಳು ದಾರದೊಳಗೆ ಹೋಗಲಿಲ್ಲ. ಮೂರು ಜನವೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರೂ ಪಾಯಸದ ಮಾತೆತ್ತಲಿಲ್ಲ. ಒದ್ದೆ ತಲೆಯಲ್ಲೇ ಆಟೋ ಹತ್ತಿಸಿ ಅದೇ ಸ್ಕ್ಯಾನಿಂಗ್ ಡಾಕ್ಟರ ಹತ್ತಿರ ಓಡಿದೆವು. ಅವರು ಎಲ್ಲಾ ಕಡೆ ಓಡಿಸಿ ಓಡಿಸಿ ನೋಡಿದರು. ಬೂದು ಎಲ್ಲೂ ಇರಲಿಲ್ಲ. "ಜಯಮ್ಮ, ಇದು ಊಟದ ಹೊಟ್ಟೆ ಕಣ್ರೀ. ಏನು ತಿನ್ನಿಸ್ತಿದ್ದೀರಿ?" ಅಂತ ನಕ್ಕುಬಿಟ್ಟರು. ಅವತ್ತು ಬಸ್‌ಸ್ಟಾಪ್ ಪಕ್ಕದ ಹೋಟೆಲಿನಲ್ಲಿ ನಾಲ್ಕೂ ಜನ ಮಸಾಲೆದೋಸೆ ತಿಂದೆವು. ಮಂಜು ತನ್ನದು ಮುಗಿಸಿ ಅಜ್ಜಿಯದರಲ್ಲೂ ಅರ್ಧ ತಿಂದ. ನನ್ನ ಜೀವನದಲ್ಲಿ ಅಂಥ ಊಟ ಇನ್ನೊಂದಿಲ್ಲ.

ಆಮೇಲೆ ಕೆಮ್ಮು ಬಂತು. ಎಲ್ಲ ಮಕ್ಕಳಿಗೂ ಬರೋ ಕೆಮ್ಮೇ. ಎಕ್ಸ್‌ರೇ ತೆಗೆದರು, ಶ್ವಾಸಕೋಶದಲ್ಲಿ ಅಲ್ಲಲ್ಲಿ ಬೆಳ್ಳಗೆ ಕಂಡಿತು. ಬಣ್ಣಗಳ ಅರ್ಥ ಕೇಳುವುದನ್ನು ನಾನು ಅಷ್ಟು ಹೊತ್ತಿಗೆ ಬಿಟ್ಟಿದ್ದೆ. ಮತ್ತೆ ಇಂಜೆಕ್ಷನ್ ಕೊಟ್ಟು ನೋಡಿದರು, ಕಾಯಿಲೆ ಕೇಳಲಿಲ್ಲ. ಮನೆಗೆ ಕರಕೊಂಡು ಹೋಗಿ, ಏನು ಕೇಳ್ತಾನೋ ಕೊಡಿ ಅಂದರು. ಚಿತ್ರಾನ್ನ ಕೇಳಿದ. ದಿನಾ ಚಿತ್ರಾನ್ನವೇ ಮಾಡಿದೆ. ಕೊನೆಕೊನೆಗೆ ಬರೀ ವಾಸನೆ ನೋಡಿ, "ಚೆನ್ನಾಗಿದೆ ಅಮ್ಮ" ಅನ್ನುತ್ತಿದ್ದ.

ಒಂದು ಬೆಳಗ್ಗೆ, ಹಾಲಿನವನು ಬಂದು ಹೋದ ಮೇಲೆ, ನನ್ನ ತೊಡೆ ಮೇಲೇ ಹೋದ.

ಈಚೆಗೆ ನನ್ನ ಮಂಡಿನೋವಿಗೆ ಅಂತ ಎಕ್ಸ್‌ರೇಗೆ ಹೋಗಿದ್ದಾಗ ಪಕ್ಕದ ಸ್ಕ್ಯಾನಿಂಗ್ ಬಾಗಿಲ ಮುಂದೆ ಒಬ್ಬ ಹುಡುಗಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಕೂಸಿನ ಕಿಡ್ನಿ ಸ್ಕ್ಯಾನ್ ಅಂತೆ. "ಆಂಟಿ, ಒಳಗೆ ನಮಗೂ ಪರದೇಲಿ ಏನಾದ್ರೂ ಗೊತ್ತಾಗುತ್ತಾ?" ಅಂದಳು. ಗೊತ್ತಾಗಲ್ಲಮ್ಮ, ನೀನು ಮಗು ಮುಖ ನೋಡ್ಕೊಂಡಿರು ಅಂದೆ. ಅವಳ ಮಗುವಿಗೆ ಬರೀ ನೀರಂತೆ, ಆಪರೇಷನ್ ಆದ್ರೆ ಸರಿಹೋಗುತ್ತಂತೆ. ಹೊರಗೆ ಬಂದು ನನ್ನನ್ನು ತಬ್ಬಿಕೊಂಡಳು. ನಾನು ಅವಳಿಗಾಗಿ ಸಂತೋಷಪಟ್ಟೆ, ನಿಜವಾಗಿ ಪಟ್ಟೆ. ಮನೆಗೆ ಬಂದು ಅತ್ತುಬಿಟ್ಟೆ. ಆಮೇಲೆ ಇದನ್ನು ಬರೆಯಲು ಕೂತೆ. ಆ ಬೆಂಚಿನ ಮೇಲೆ ಇವತ್ತೂ ಯಾರಾದರೂ ಕೂತಿರುತ್ತಾರಲ್ಲ, ಅವರಿಗೆ ತಮಗಿಂತ ಮೊದಲು ಇಲ್ಲಿ ಒಬ್ಬಳು ಕೂತಿದ್ದಳು ಅಂತಲಾದರೂ ಗೊತ್ತಾಗಲಿ.

ಮಂಜು ಹೋದ ದಿನ ಅವನನ್ನು ಉಲ್ಲಾಳದ ನಮ್ಮ ಹೊಲಕ್ಕೇ ಕರೆದುಕೊಂಡು ಹೋದೆವು. ಮಣ್ಣು ಮಾಡುವ ಮೊದಲು ಉಡುದಾರ ಹರಿಯಬೇಕು ಅಂದರು ಊರ ಹಿರಿಯರು. ನನ್ನ ಮೈದುನ ಕುಡುಗೋಲು ತಂದ. ಅತ್ತೆ ಅದನ್ನು ಅವನ ಕೈಯಿಂದ ಇಸಿದುಕೊಂಡರು. ಬೇರೆ ಯಾರನ್ನೂ ಮುಟ್ಟಗೊಡಲಿಲ್ಲ. ಬಗ್ಗಿ ದಾರ ಹಿಡಿದರು. ನಾನು ಅವರ ಕೈ ಮೇಲೆ ಕೈಯಿಟ್ಟೆ.

"ಬೇಡ ಅತ್ತೆ."

"ಹರಿದು ಕಳಿಸಬೇಕು ಕಣಮ್ಮ. ಇಲ್ದಿದ್ರೆ ಜೀವ ಎಲ್ಲೂ ಹೋಗದೆ ಇಲ್ಲೇ ನಮ್ಮ ಸುತ್ತಾನೇ ಸುತ್ತುತೈತೆ."

"ಸುತ್ತಲಿ ಬಿಡಿ ಅತ್ತೆ. ಏಳೂ ತುಂಬದ ಮಗು ಅದು, ನಮ್ಮನ್ನ ಬಿಟ್ಟು ಇನ್ನೆಲ್ಲಿಗೆ ಹೋಗಬೇಕು?"

ಹಿರಿಯರು ಏನೋ ಹೇಳಲು ಬಂದರು. ಅತ್ತೆ ಅವರ ಕಡೆ ತಿರುಗಿಯೂ ನೋಡಲಿಲ್ಲ. ಕುಡುಗೋಲನ್ನು ಪಕ್ಕಕ್ಕೆ ಎಸೆದರು. ಶನಿವಾರಗಳ ಎಣ್ಣೆ ವಾಸನೆ ಇನ್ನೂ ಹೋಗಿರದ ಆ ಎರಡು ಬೆರಳು ಉಡುದಾರದೊಳಗೆ ತೂರಿಸಿದರು, ಸೊಂಟದ ಸುತ್ತ ಒಂದು ಸಲ ಆಡಿಸಿ ನೋಡಿದರು.

"ಬಿಗಿ ಇಲ್ಲ, ಸರಿಯಾಗೈತೆ" ಅಂದರು.